ಕೆಡುವ ಮೊದಲಿನ ದನಿ

"ಸೋಮವಾರ ಬರಬ್ಯಾಡ್ರಿ ಕಾಕಾ. ಸೀರಿಯಲ್ ನಿಂತಹೋತು."

ಹುಬ್ಬಳ್ಳಿಯ ಸ್ಟುಡಿಯೋದಿಂದ ಪ್ರಶಾಂತ ಹೇಳಿದ ಈ ಮಾತು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅನ್ನವ್ವನಿಗೂ ಕೇಳಿಸಿತು. ಅವಳ ಗಂಡ ಚನ್ನವೀರಪ್ಪ ಫೋನಿನ ಸ್ಪೀಕರ್ ಹಾಕದೆ ಮಾತಾಡಿದವನೇ ಅಲ್ಲ. ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡಿ ಮಾಡಿ ತನ್ನೂರು ದುಂಡಸಿಯ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ ಬೆಳೆಸಿಕೊಂಡವನಿಗೆ, ಫೋನು ಕಿವಿಗೆ ಹಚ್ಚಿ ಗುಸುಗುಸು ಅನ್ನುವುದೆಂದರೆ ಅವಮಾನ.

"ನಿಂತಹೋತು ಅಂದ್ರ? ಯಾರ್ ನಿಲ್ಲಿಸಿದ್ರು?"

"ಪರದೇಶದ ಕಂಪನಿಯವರು. ನೋಡೋರು ಕಡಿಮಿ ಆಗ್ಯಾರಂತ. ಅಲ್ಲೆ ಶೂಟಿಂಗೇ ಬಂದ್ ಆದ ಮ್ಯಾಲ ನಾವು ಕನ್ನಡಕ್ಕ ಏನ್ ದನಿ ಕೊಡೂದ್ರಿ."

"ಅಲ್ಲೋ ತಮ್ಮಾ, ನಾ ದನಿ ಕೊಡೂ ಆ ಹುಡುಗ ಈಗ ಹಡಗ ಹತ್ತಿ ಹೊಂಟಾನ. ಹಡಗ ನಡು ಆಕಾಶದಾಗ ಐತಿ. ಅಲ್ಲೇ ಬಿಟ್ಟು ಮನೀಗೆ ಹೋದ್ರ ಹೆಂಗ?"

"ಅಲ್ಲೇ ಇರತೈತ್ರಿ. ಇಳಿಸೋರು ಯಾರೂ ಇಲ್ಲ." ಪ್ರಶಾಂತ ನಕ್ಕ. "ಬ್ಯಾಸರಾ ಮಾಡಕೋಬ್ಯಾಡ್ರಿ. ಒಂದ್ ದೆವ್ವದ ಪಿಚ್ಚರ್ ಬರೂದೈತಿ. ದೆವ್ವ ನಿಮಗ ಭಾಳ ಚೊಲೋ ಹೊಂದತೈತಿ."

"ದೆವ್ವಕ್ಕ ನಿಮ್ಮಪ್ಪನ್ನ ಕರಕೊಂಡ್ ಹೋಗು," ಎಂದು ಚನ್ನವೀರಪ್ಪ ಗುಡುಗಿದ ರಭಸಕ್ಕೆ ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು. ಅನ್ನವ್ವನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಈ ದನಿ ಮನೆಯಲ್ಲಿ ಕೇಳದೆ ಬಹಳ ದಿನವಾಗಿತ್ತು.

ಮೊದಲು ಬಂದ ಸೀರಿಯಲ್ಲಿನಲ್ಲಿ ಚನ್ನವೀರಪ್ಪ ಓರ್ಕನ್ ಎಂಬ ರಾಜನಿಗೆ ಕನ್ನಡದ ದನಿ ಕೊಟ್ಟಿದ್ದ. ಊರುಗಳನ್ನಲ್ಲ, ಗ್ರಹಗಳನ್ನೇ ಸುಡುವ ರಾಜ. ಆಗೆಲ್ಲ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಓರ್ಕನ್ ರಾಜನೇ ಎದ್ದು ನಿಲ್ಲುತ್ತಿದ್ದ, ತಾಟು ಅಂಗಳಕ್ಕೆ ಹಾರುತ್ತಿತ್ತು. ಅದು ಮುಗಿದ ಮೇಲೆ ಅದೇ ಕಂಪನಿಯವರು ಅದಕ್ಕೂ ಹಿಂದಿನ ಕಥೆ ತೆಗೆದರು. ರಾಜ ಕೆಡುವ ಮೊದಲು ಹೇಗಿದ್ದ ಅನ್ನುವ ಕಥೆ. ಈಗ ನಿಂತುಹೋದ ಇದರಲ್ಲಿ ಓರ್ಕನ್ ಇನ್ನೂ ಮೀಸೆ ಚಿಗುರುವ ಹುಡುಗ. ಯಾವುದೋ ಬಡ ಗ್ರಹದಲ್ಲಿ ಯಂತ್ರದ ಮನುಷ್ಯರನ್ನು ರಿಪೇರಿ ಮಾಡಿಕೊಂಡಿದ್ದವನು, ತಿರುಪು ಬಿಗಿಯುವಾಗ ಯಂತ್ರಕ್ಕೂ 'ನೋವಾಯಿತೇ' ಎಂದು ಕೇಳುವವನು. "ಅದೇ ದನಿ ಬೇಕು, ಒಳಗಿನ ಸಿಟ್ಟು ಬೇಡ" ಎಂದಿದ್ದರು ಸ್ಟುಡಿಯೋದವರು.

ಸಿಟ್ಟು ತೆಗೆದರೆ ತನ್ನ ದನಿಯಲ್ಲಿ ಏನು ಉಳಿಯುತ್ತದೋ ಚನ್ನವೀರಪ್ಪನಿಗೇ ಗೊತ್ತಿರಲಿಲ್ಲ. ಆ ಹುಡುಗನ ದನಿಯನ್ನು ಮನೆಯಲ್ಲೇ ರೂಢಿ ಮಾಡಿದ. ಎಮ್ಮೆಗೆ ಹುಲ್ಲು ಹಾಕುತ್ತ ಮಾಡಿದ, ಹೆಂಡತಿಯ ಹತ್ತಿರ ನೀರು ಕೇಳುತ್ತ ಮಾಡಿದ. ಮದುವೆಯಾದಾಗಿನಿಂದ 'ಏಯ್' ಆಗಿದ್ದವಳು ಒಂದು ಬೆಳಿಗ್ಗೆ "ಅನ್ನವ್ವಾ, ದಣದೀ ಏನ?" ಎಂಬ ಮಾತು ಕೇಳಿ, ಯಾರೋ ಬೀಗರು ಬಂದರೆಂದು ಸೆರಗು ಹೊದ್ದು ತಿರುಗಿದ್ದಳು. ಅದು ಪಾತ್ರದ ರೂಢಿಗೆಂದು ಆಡಿದ ಮಾತೆಂದು ಅವಳಿಗೂ ಗೊತ್ತಿತ್ತು. ಆದರೆ ಬರಬರುತ್ತ ಆ ದನಿ ಊಟಕ್ಕೂ ಕೂತಿತು, ಉಪ್ಪು ಹೆಚ್ಚಾದರೂ ಉಂಡು ಎದ್ದಿತು. ಸೋಮವಾರ ಹುಬ್ಬಳ್ಳಿಗೆ ಹೋಗುವುದೇ ನಿಂತರೆ ಅದು ಇನ್ನೆಷ್ಟು ದಿನ ಇದ್ದೀತು?

ಚನ್ನವೀರಪ್ಪ ಫೋನನ್ನು ನೀರಿನ ಕೊಡಕ್ಕೆ ಆನಿಸಿ ನಿಲ್ಲಿಸಿದ. ಪರದೆಯ ಮೇಲೆ ಹುಡುಗ ಓರ್ಕನ್‌ನ ಮುಖವಿತ್ತು.

"ಕರ್ಪೂರ ಎಲ್ಲೈತಿ?"

"ಯಾಕ್ರಿ?"

"ಮಂಗಳ ಹಾಡಬೇಕು. ಆಟದ ರೀತಿ ಅವರಿಗಂತೂ ಗೊತ್ತಿಲ್ಲ, ನನಗರೆ ಗೊತ್ತೈತಲ್ಲ."

ದೊಡ್ಡಾಟದವರ ಕಟ್ಟಳೆ ಅದು. ಆಟ ಮುಗಿಯಲಿ, ನಡುವೆಯೇ ನಿಲ್ಲಲಿ, ಮಂಗಳ ಹಾಡಿ ಪಾತ್ರವನ್ನು ಕಳಿಸಿಕೊಟ್ಟ ಮೇಲೆಯೇ ಬಣ್ಣ ತೊಳೆಯಬೇಕು. ಇಲ್ಲದಿದ್ದರೆ ಪಾತ್ರ ಮೈ ಬಿಟ್ಟು ಹೋಗುವುದಿಲ್ಲ. ಹಿಂದೊಮ್ಮೆ ಸವಣೂರಿನ ಕಡೆ ಗಾಳಿಮಳೆಗೆ ರಂಗದ ತಗಡು ಹಾರಿ, ಮೇಳದವರೆಲ್ಲ ದಿಕ್ಕಾಪಾಲಾಗಿ, ಚನ್ನವೀರಪ್ಪ ಮಂಗಳವಿಲ್ಲದೆ ರಾಕ್ಷಸನಾಗಿಯೇ ಮನೆಗೆ ಬಂದಿದ್ದ. ಭಾಗವತರು ಬಂದು ಅಂಗಳದಲ್ಲಿ ಮಂಗಳ ಹಾಡುವ ತನಕ ಅನ್ನವ್ವ ಪಕ್ಕದ ಮನೆಯ ಹಾಜರಾಬಿಯ ಅಡುಗೆಮನೆಯಲ್ಲಿ ಅಡಗಿ ಕೂತಿದ್ದಳು.

ಅವನೇ ಗೂಡಿಗೆ ಕೈ ಹಾಕಿ ಕರ್ಪೂರ ತಂದ, ತಾಟಿನಲ್ಲಿಟ್ಟ, ಕಡ್ಡಿ ಪೆಟ್ಟಿಗೆ ತೆಗೆದ. ಅನ್ನವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಇದಕ್ಕ ಮಂಗಳ ಬ್ಯಾಡ್ರಿ."

"ತಲಿ ಕೆಟ್ಟೈತೇನು ನಿನಗ? ಅರ್ಧಕ್ಕ ನಿಂತ ಪಾತ್ರ. ಕಳಿಸಲಿಲ್ಲಂದ್ರ ಮೈಮ್ಯಾಲೇ ಉಳೀತೈತಿ."

"ಉಳೀಲಿ."

ಚನ್ನವೀರಪ್ಪ ಕಡ್ಡಿ ಗೀರಿದ. ಗೀರಿದವನು ಅವಳ ಮುಖ ನೋಡಿ ಹಾಗೇ ನಿಂತ.

"ಸೀರಿಯಲ್ ನಡದಿದ್ರ ಮುಂದ ಏನಾಗ್ತಿದ್ದ ಅಂವ?" ಎಂದಳು.

"ಏನಾಗ್ತಿದ್ದ, ಕೆಡತಿದ್ದ. ರಾಜ ಆಗಿ ಮೊದಲ ತನ್ನ ಊರನ್ನ ಸುಡತಿದ್ದ. ಅದು ಎಲ್ಲಾರಿಗೂ ಗೊತ್ತಿದ್ದದ್ದ."

"ಅಂದ್ರ ಕೆಡೂಕಿಂತ ಮೊದಲ ನಿಂತೈತಿ." ಅನ್ನವ್ವ ತಾಟಿನೊಳಗಿನ ಕರ್ಪೂರ ಎತ್ತಿ ಮುಷ್ಟಿಯಲ್ಲಿ ಹಿಡಿದಳು. "ಅಷ್ಟು ಮಂದಿ ರಾಕ್ಷಸರನ್ನ ಕಳಿಸಿಕೊಟ್ರಿ. ಒಬ್ಬನ್ನೂ ಇಟಗೋರಿ ಅಂತ ನಾ ಕೇಳಲಿಲ್ಲ. ಇವನೊಬ್ಬ ಇರ್ಲಿ."

ಕಡ್ಡಿ ಉರಿದು ಬೆರಳಿಗೆ ಮುಟ್ಟಿತು. ಚನ್ನವೀರಪ್ಪ ಅದನ್ನು ಕೊಡವಿ ಬಾಯಿ ತೆರೆದ. ಯಾರ ದನಿ ಬರುತ್ತದೋ ಎಂದು ಅನ್ನವ್ವ ಮುಷ್ಟಿ ಬಿಗಿಹಿಡಿದು ಕಾದಳು.