ಅಂಚು ಸವೆದ ಟೈರು

ಟೈರು ನೋಡಿದ ಮೇಲೆ ಹುಡುಗನ ಮುಖ ನೋಡುವ ಅಗತ್ಯ ಟೈರ್ ಅಂಗಡಿಯವನಿಗೆ ಕಾಣಲಿಲ್ಲ. ಬೈಕಿನ ಹಿಂದಿನ ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತು, ರಬ್ಬರಿನ ಮೇಲೆ ಹೆಬ್ಬೆರಳು ಎಳೆದು, “ಹೂಂ” ಎಂದ. ಆ ಒಂದು ಹೂಂನಲ್ಲೇ ಮದುವೆ ಮುರಿದುಬಿದ್ದಿತ್ತು.

ಬೀದಿಯವರು ಅವನನ್ನು ಜಡ್ಜ್ ಸಾಹೇಬರು ಎನ್ನುತ್ತಿದ್ದರು. ಬೆನ್ನ ಹಿಂದೆ ನಗುವುದಕ್ಕೆ, ಎದುರಿಗೆ ರಿಯಾಯಿತಿಗೆ. ಟೈರು ಸವೆದ ಬಗೆ ನೋಡಿ ಮನುಷ್ಯನ ಹಣೆಬರಹ ಹೇಳುವುದು ಅವನ ಹೆಮ್ಮೆ. ನಡುವೆ ಮಾತ್ರ ಸವೆದಿದ್ದರೆ ಮನೆ, ಆಫೀಸು ಬಿಟ್ಟು ಮೂರನೆಯ ದಾರಿ ಕಾಣದ ಗುಮಾಸ್ತ. ಗಾಳಿಯಿಲ್ಲದೆ ಸವೆದಿದ್ದರೆ ಸೋಮಾರಿ. ಒಳಗಿನ ನೂಲು ಕಾಣುವವರೆಗೆ ಓಡಿಸಿದ್ದರೆ ಜಿಪುಣ; ಟೈರಿನಲ್ಲಿ ಉಳಿಸಿ ಆಸ್ಪತ್ರೆಗೆ ಕೊಡುವ ಜಾತಿ. ಮನುಷ್ಯರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಟೈರುಗಳು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ.

ಹಾಗಾಗಿ ಮಗಳು ಈ ಹುಡುಗನನ್ನೇ ಮದುವೆಯಾಗುತ್ತೇನೆ ಎಂದಾಗ ಅವನು ಓದು, ಸಂಬಳ ಏನನ್ನೂ ಕೇಳಲಿಲ್ಲ.

“ಅವನ ಗಾಡಿ ಅಂಗಡಿಗೆ ಬರಲಿ. ಟೈರ್ ನೋಡಿ ಹೇಳ್ತೀನಿ.”

ಮಗಳ ಮುಖ ಸಪ್ಪಗಾಗಿತ್ತು. “ಬೇರೆ ಏನಾದ್ರೂ ನೋಡಿ ಅಪ್ಪ.”

“ಮನುಷ್ಯ ಸುಳ್ಳು ಹೇಳ್ತಾನೆ. ಟೈರ್ ಹೇಳಲ್ಲ.”

ಅವಳು ಹೆದರಿದ್ದರಲ್ಲಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡ ಹುಡುಗಿ. ಅಂದಿನಿಂದ ಎರಡು ಚಕ್ರದ ಯಾವುದನ್ನೂ ಮುಟ್ಟಕೂಡದೆಂದು ಅಪ್ಪನ ಕಟ್ಟಪ್ಪಣೆ.

ಹುಡುಗ ಬೈಕನ್ನು ತಳ್ಳಿಕೊಂಡು ಬಂದಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಯಾಕಪ್ಪಾ, ಪೆಟ್ರೋಲ್ ಇರಲಿಲ್ವಾ?”

“ಇತ್ತು ಸರ್. ಟೈರ್ ಪೂರ್ತಿ ಸವೆದಿದೆಯಲ್ಲ, ತಳ್ಕೊಂಡೇ ಬರೋಣ ಅಂತ.”

ನಾಟಕ, ಎಂದುಕೊಂಡ ಜಡ್ಜ್. ಟೈರು ಅಂಚಿನ ಕೊನೆಯವರೆಗೂ ಸವೆದಿತ್ತು. ಬೈಕನ್ನು ತಿರುವಿನಲ್ಲಿ ನೆಲಕ್ಕೆ ಮಲಗಿಸಿ ಓಡಿಸದೆ ಆ ಅಂಚು ರಸ್ತೆ ಮುಟ್ಟುವುದಿಲ್ಲ. ಕಾಲಿಡುವ ಕಂಬಿಯ ತುದಿಯೂ ಉಜ್ಜಿ ಬೆಳ್ಳಗಾಗಿತ್ತು. ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಕೆಯಲ್ಲಂತೂ ಬಣ್ಣವೇ ಇರಲಿಲ್ಲ. ಯಾರೋ ದಿನವೂ ಜೀವ ಬಿಗಿಹಿಡಿದು ಕೂತಿದ್ದಾರೆ. ಯಾರೆಂದು ಅವನಿಗೆ ಗೊತ್ತು. ತನ್ನ ಮಗಳೇ.

“ಗಾಡಿ ನಿನ್ನದೇ ತಾನೆ?”

“ನನ್ನ ಹೆಸರಲ್ಲೇ ಇದೆ ಸರ್.”

“ಜೋರಾಗಿ ಓಡಿಸ್ತೀಯೇನು?”

“ಅಯ್ಯೋ, ಸ್ಪೀಡ್ ಅಂದ್ರೆ ನನಗೆ ಪ್ರಾಣ ಹೋಗುತ್ತೆ.”

ಸುಳ್ಳನೆಂಬುದೂ ಸಾಬೀತಾಯಿತು. ಆದರೂ ಜಡ್ಜ್ ವಿಚಾರಣೆ ಮುಗಿಸದೆ ತೀರ್ಪು ಕೊಡುವವನಲ್ಲ. ಮೂರು ಟೈರುಗಳನ್ನು ಎಳೆದು ಹುಡುಗನ ಎದುರಿಗೆ ನಿಲ್ಲಿಸಿದ.

“ಇದು ಗಟ್ಟಿ ರಬ್ಬರು. ಅಗ್ಗ, ವರ್ಷಾನುಗಟ್ಟಲೆ ಬರುತ್ತೆ. ಆದ್ರೆ ಮಳೇಲಿ ಸಾಬೂನು. ಇದು ಮೆತ್ತಂದು. ರಸ್ತೆಗೆ ಜಿಗಣೆ ಥರ ಕಚ್ಚುತ್ತೆ, ಅಷ್ಟೇ ಬೇಗ ಸವೆಯುತ್ತೆ. ರೇಸಿನವರಿಗೆ, ಇಲ್ಲಾ ಅಪ್ಪನ ದುಡ್ಡಿರೋರಿಗೆ. ಇದು ನಡುವೆ ಗಟ್ಟಿ, ಅಂಚು ಮೆತ್ತಗೆ. ಬೆಲೆ ಜಾಸ್ತಿ. ಯಾವುದು ಬೇಕು?”

ಬುದ್ಧಿವಂತನಾದರೆ ಬೆಲೆ ಕೇಳುತ್ತಾನೆ. ಹುಡುಗ ಕೇಳಿದ್ದು ಬೇರೆ.

“ತಿರುವಲ್ಲಿ ಯಾವುದು ಜಾರಲ್ಲ ಸರ್?”

“ತಿರುವಲ್ಲಿ!” ಜಡ್ಜ್ ಎದ್ದು ನಿಂತ. “ನಿಧಾನಕ್ಕೆ ಹೋಗೋನಿಗೆ ತಿರುವಿನ ಚಿಂತೆ ಯಾಕಯ್ಯಾ?”

“ನನ್ನ ಚಿಂತೆ ಪೂರ್ತಿ ಅದೇ ಸರ್. ಮೂರನೇದೇ ಹಾಕಿ. ಎಷ್ಟಾದ್ರೂ ಪರವಾಗಿಲ್ಲ.”

“ಟೈರ್ ಹಾಕೋದಿರಲಿ, ತೀರ್ಪು ಕೇಳು.” ಜಡ್ಜ್ ಕೈಯಲ್ಲಿದ್ದ ಚಿಂದಿಬಟ್ಟೆಯನ್ನು ಮೇಜಿನ ಮೇಲೆಸೆದ. “ಈ ಗಾಡಿ ಓಡಿಸೋ ಪ್ರಾಣಿಗೆ ತಲೇಲಿ ಬುದ್ಧಿಯಿಲ್ಲ, ಮೈಯೆಲ್ಲ ಸೊಕ್ಕು. ಮನೇಲಿ ಒಂದು ಹೇಳಿ ಹೊರಗೆ ಇನ್ನೊಂದು ಮಾಡೋ ಬುದ್ಧಿ. ಹೆತ್ತವರು ಬೆಳೆಸಿದ ರೀತಿಯೇ ಸರಿಯಿಲ್ಲ. ಇಂಥವರ ಜೊತೆ ಸಂಸಾರ ಮಾಡೋಕೆ ಹುಚ್ಚು ಹಿಡಿದಿರಬೇಕು!”

ಹುಡುಗ ತಲೆ ತಗ್ಗಿಸಿದ. ನಗು ತಡೆಯುತ್ತಿದ್ದನೋ ಅಳುವೋ, ತಿಳಿಯಲಿಲ್ಲ.

“ಹೆತ್ತವರ ವಿಷಯ ಬೇಡ ಸರ್. ಉಳಿದಿದ್ದೆಲ್ಲ ಒಪ್ಕೋತೀನಿ.”

“ಒಪ್ಕೊಂಡ್ಯಲ್ಲ, ಸಾಕು. ಮಗಳನ್ನ ಕೊಡಲ್ಲ. ಗಾಡಿ ತಗೊಂಡು ಹೊರಡು.”

ಹುಡುಗ ಹ್ಯಾಂಡಲ್ ಹಿಡಿದು ಬೈಕನ್ನು ಬೀದಿಯವರೆಗೆ ತಳ್ಳಿದ. ಅಲ್ಲಿ ನಿಂತುಬಿಟ್ಟ. ಸೀಟು ನೋಡಿದ, ರಸ್ತೆ ನೋಡಿದ, ಹತ್ತಲಿಲ್ಲ.

“ಇನ್ನೇನು ಮುಹೂರ್ತ ಕಾಯ್ತಿದ್ದೀಯಾ?” ಜಡ್ಜ್ ಬಾಗಿಲಿಂದ ಕೂಗಿದ.

ಎದುರಿನ ಔಷಧಿ ಅಂಗಡಿಯ ನೆರಳಿನಿಂದ ಮಗಳು ರಸ್ತೆ ದಾಟಿ ಬಂದಳು. ಅವಳು ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪನ ಕಡೆ ನೋಡದೆ ಹುಡುಗನ ಕೈಯಿಂದ ಕೀಲಿ ಕಿತ್ತುಕೊಂಡು, ಸಲೀಸಾಗಿ ಕಾಲು ಬೀಸಿ ಬೈಕಿನ ಮುಂದಿನ ಸೀಟಿನಲ್ಲಿ ಕೂತಳು.

“ಟೈರನ್ನ ಸರಿಯಾಗೇ ಓದಿದ್ರಿ ಅಪ್ಪ,” ಎಂದಳು. “ಇವನಿಗೆ ಗಾಡಿ ಓಡಿಸೋಕೇ ಬರಲ್ಲ.”