ಸಮರನ ಭಾವುಬೀಜ

ಒಮ್ಮೆ ಬುಸ್ ಎಂದರೆ ಬೀದರ ಕೋಟೆಯೇ ಕರಗಿ ಹೋಗುವಂಥ ಹಾವಿನ ಹೆಡೆಯ ಮೇಲೆ, ಕಂಪ್ಯೂಟರ್ ಆಟದೊಳಗೆ, ಸಮರ ತನ್ನ ಕತ್ತಿ ಎತ್ತಿದ್ದ. ಅಂದು ಅಕ್ಕ-ತಂಗಿಯರು ಅಣ್ಣ-ತಮ್ಮಂದಿರಿಗೆ ಆರತಿ ಎತ್ತುವ ಭಾವುಬೀಜ. ಅದೇ ಗಳಿಗೆಗೆ ಭಾಲ್ಕಿಯ ಅವನ ಮನೆಯ ಪಡಸಾಲೆಯಿಂದ ತಮ್ಮ ಅಜಿಂಕ್ಯ ಮೂರು ತಾಲೂಕಿಗೆ ಕೇಳುವಂತೆ ಒದರಿದ: "ಸಾನಿಕಾ ಅಕ್ಕಾ! ಆರತಿ ಮಾಡ್ಲಿಕ್ಕ ಬಾ, ಹಸಿದು ಸಾಯ್ಲಿಕತ್ತೇನಿ!"

ಮೈಕ್ ಚಾಲೂ ಇತ್ತು. ಔರಾದಿನಿಂದ ಜೊತೆಗೆ ಆಡುತ್ತಿದ್ದ ಗೆಳೆಯ ಉತ್ತಮ, ಹೆಡ್‌ಫೋನಿನಲ್ಲಿ ನಕ್ಕ. "ಯಾರಲೇ ಸಮರ, ಅಕ್ಕ ಅಂದ್ರ? ನೀ ಏನು ಹುಡುಗಿ ಏನಲೇ?"

ಸಮರನಿಗೆ ನೆತ್ತಿ ಸುಟ್ಟಂತಾಯಿತು. ಈ ಆಟ ಮೂಗಿಗೇ ಲಕ್ಷ ನಮೂನೆ ಕೊಟ್ಟಿತ್ತು. ಕೊಂಬು, ಬಾಲ, ಮೊಳದುದ್ದ ಮೀಸೆ, ಏನು ಕೇಳಿದರೂ ಹಚ್ಚಿತ್ತು. ಗಂಡು ಎಂದು ಒತ್ತಿದಾಗ ಯಾಕೆ ಎಂದು ಕೇಳಿರಲಿಲ್ಲ. ಮನೆಯಲ್ಲಿ ಮಾತ್ರ, ಹುಟ್ಟಿದಾಗ ಇಟ್ಟ ಸಾನಿಕಾ ಎಂಬ ಹೆಸರನ್ನು ಬ್ರಹ್ಮ ಬಂದರೂ ಅಳಿಸುವಂತಿರಲಿಲ್ಲ. ತಾನು ಗಂಡು, ತನ್ನ ಹೆಸರು ಸಮರ ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು.

"ಹುಡುಗಿ ಅಲ್ಲಲೇ!" ಎಂದು ಚೀರಿದ. "ನಮ್ಮ ಮನ್ಯಾಗ ಅಕ್ಕ ಯಾರೂ ಇಲ್ಲ. ಇಬ್ಬರೂ ಗಂಡುಮಕ್ಕಳೇ ಇದ್ದೇವಿ!"

ಆರತಿ ತಟ್ಟೆ ಹಿಡಿದು ಕರೆಯಲು ಬಂದಿದ್ದ ಅವ್ವ ಬಾಗಿಲಲ್ಲೇ ಕಲ್ಲಾದಳು. ಪರದೆಯ ಮೇಲೆ ಹಾವು ಸಮರನನ್ನು ನುಂಗಿತು, ಯಾರೂ ನೋಡಲಿಲ್ಲ. ಭಾವುಬೀಜದ ಟೋಪಿ ಹಾಕಿಕೊಂಡು, ಅಕ್ಕನ ಆರತಿಗಾಗಿ ಪಡಸಾಲೆಯಲ್ಲಿ ಮಣೆಯ ಮೇಲೆ ಕುಳಿತಿದ್ದ ಅಜಿಂಕ್ಯ ಎಲ್ಲ ಕೇಳಿಸಿಕೊಂಡು, ಹಸಿವಿಗೆ ಸಿಡಿಮಿಡಿಗೊಂಡು ಪಕ್ಕಕ್ಕೆ ಸರಿದ.

"ಅವ್ವಾ, ಎಷ್ಟೊತ್ತು ನಿಂದರ್ತಿ? ಆರತಿ ನೀನೇ ಮಾಡು. ಅಣ್ಣಗೂ ನನ್ನ ಮಗ್ಗಲ ಕೂಡ್ಲಿಕ್ಕ ಒಂದು ಮಣಿ ಹಾಕು."