ಸವೆಯದ ಬೋರು

‘ಅಳತಿ ತಗೊಂಡು ನೋಡು ಮಿಸ್ತ್ರಿ, ಚಲೋ ಇದ್ರ ಒಯ್ಯೋಣು’ ಎಂದು ಗುಜರಿ ಅಂಗಡಿಯ ಮೂಲೆಯಲ್ಲಿದ್ದ ಲಾರಿ ಎಂಜಿನ್ ಬ್ಲಾಕ್ ತೋರಿಸಿ, ಫಕ್ಕೀರಪ್ಪ ಬೀಡಿ ಹಚ್ಚಲು ಬಾಗಿಲಿಗೆ ಹೋದ.

ದಸ್ತಗೀರ ಮಿಸ್ತ್ರಿ ಪಿಸ್ಟನ್ ಆಡುವ ಬೋರಿನೊಳಗೆ ಅಳತೆಯ ಗೇಜು ಇಳಿಸಿದ. ಮೇಲೂ ಕೆಳಗೂ ಒಂದೇ ಅಳತೆ, ಸವೆತವೇ ಇಲ್ಲ.

‘ಎಲ್ಲಿ ಸವೀಬೇಕ್ರಿ?’ ಅಂದ ಅಂಗಡಿಯವ ಮೆಲ್ಲಗೆ. ‘ಬೋರ್ ಹೊಡಿಸಿದ ಹೊಸದರಾಗ ಘಾಟಿನಾಗ ಬಿದ್ದ ಗಾಡಿ. ಡ್ರೈವರ್ ಅಲ್ಲೇ ಹೋದ. ನಂಬರ್ ಪ್ಲೇಟೂ ಉಳೀಲಿಲ್ಲ, ವಾರಸುದಾರರೂ ಬರಲಿಲ್ಲ.’

ಮಿಸ್ತ್ರಿ ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಕೊನೆಯ ಬೋರಿನ ಪಕ್ಕ ಪಂಚಿನಿಂದ ಹೊಡೆದ ಮೂರು ಚುಕ್ಕಿಗಳಿದ್ದವು. ತಾನು ಬೋರ್ ಹೊಡೆದು ಹೊಸದು ಮಾಡಿದ ಬ್ಲಾಕಿಗೆಲ್ಲ ಅವನು ಹಾಕುತ್ತಿದ್ದ ಗುರುತು ಅದು. ಇಲ್ಲಿ ಮೂರನೆಯದು ಮಾತ್ರ ಓರೆಯಾಗಿತ್ತು. ‘ಇದೊಂದು ನಾನ ಹೊಡೀತೀನಿ ಕಾಕಾ’ ಎಂದು ಸುತ್ತಿಗೆ ಇಸಿದುಕೊಂಡಿದ್ದವನು ಫಕ್ಕೀರಪ್ಪನ ಮಗ. ಬೋರ್ ಹೊಡೆಸಿಕೊಂಡು ಮನೆಯ ಲಾರಿ ಓಡಿಸುತ್ತ ಹೋದವನು ಎರಡು ವರ್ಷವಾದರೂ ಮನೆಗೆ ಬಂದಿರಲಿಲ್ಲ.

ಮಿಸ್ತ್ರಿ ಚುಕ್ಕಿಗಳ ಮೇಲೆ ಗ್ರೀಸ್ ಬಳಿದು ಹೊರಗೆ ಬಂದ.

‘ಬ್ಯಾಡ ಬಿಡಣ್ಣ. ಬೋರ್ ಭಾಳ ಸವದಾವ.’

ಫಕ್ಕೀರಪ್ಪ ಅವನ ಮುಖವನ್ನೇ ನೋಡುತ್ತ ನಿಂತ. ಬೀಡಿ ಬೆರಳಿನಲ್ಲೇ ಆರಿತ್ತು.

‘ಸವದಿಲ್ಲ ಮಿಸ್ತ್ರಿ. ನಿನ್ನೆ ಬಂದು ನಾನ ಬೆರಳಾಡಿಸಿ ನೋಡೀನಿ. ನಮ್ಮ ಗಾಡೀದು ಹೌದೋ ಅಲ್ಲೋ ತಿಳೀಲಿಲ್ಲ. ನಿನ್ನ ಮಾರಿ ನೋಡಿದ್ರ ಗೊತ್ತಾಕ್ಕೈತಿ ಅಂತ ಕರಕೊಂಡು ಬಂದೆ.’